ಬ್ಯಾರನ್ ಮನೆಯ ದ್ರಾಕ್ಷಿ ವೈನು

ನಮ್ಮ ಭಾಗ್ಯಮ್ಮತ್ತಿಗೆಗೆ ಹೊಟ್ಟೆಕಿಚ್ಚು ಅನ್ನುವುದು ಹಬ್ಬಕ್ಕೆ ಬಂದು ಹೋಗುವ ನೆಂಟ ಅಲ್ಲ, ಮನೆಯಲ್ಲೇ ಉಂಡು ಮನೆಯಲ್ಲೇ ಮಲಗುವ ಆಸಾಮಿ. ನಾನು ಆಕೆಯ ನಾದಿನಿ ಭದ್ರಮ್ಮ, ಆಕೆಯ ಗಂಡ ಚಿಕ್ಕಣ್ಣನ ತಂಗಿ. ಪಿರಿಯಾಪಟ್ಟಣದ ಈಚೆ ಕಂಪಲಾಪುರದಲ್ಲಿ ಹುಟ್ಟಿ, ಅದೇ ಊರಲ್ಲಿ ಎರಡು ಬೀದಿ ಆಚೆಗೆ ಮದುವೆಯಾಗಿ ಹೋದವಳು. ಅಣ್ಣನ ಮನೆ, ತಮ್ಮನ ಮನೆ ಎರಡೂ ನನಗೆ ಒಂದೇ. ಎರಡು ಮನೆಯ ಒಲೆಯ ಮೇಲೂ ಏನು ಬೇಯುತ್ತಿದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಅತ್ತಿಗೆಯ ಬಗ್ಗೆ ಹೀಗೆಲ್ಲ ಬರೆದರೆ ಆಕೆ ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ, ನಾನು ನೋಡದ ಮುಖವೇನಲ್ಲ ಅದು.

ಆಕೆಯ ತವರು ಎಚ್.ಡಿ. ಕೋಟೆ ಕಡೆ. ಅಪ್ಪ ಹ್ಯಾಂಡ್‌ಪೋಸ್ಟಿನಲ್ಲಿ ಟೀ ಅಂಗಡಿ ಇಟ್ಟಿದ್ದರು. ನಾಲ್ಕೂ ಕಡೆಯ ಬಸ್ಸು ಬಂದು ನಿಲ್ಲುವ ಜಾಗ ಅದು. ಅಲ್ಲಿ ಲೋಟ ತೊಳೆಯುತ್ತಾ ಕೂತ ಹುಡುಗಿಗೆ ಬಸ್ಸಿನ ಕಿಟಕಿ ಪಕ್ಕದ ಸೀಟು ಯಾರಿಗೆ ಸಿಕ್ಕಿತು, ಯಾರ ಕೊರಳಲ್ಲಿ ಎಂಥ ಸರ ಇದೆ, ಯಾರ ಮಗು ಬೆಣ್ಣೆಯಂತಿದೆ ಎಂದು ನೋಡುವುದೇ ಕೆಲಸ. ನೋಡಿ ಸುಮ್ಮನಿರುವ ಜಾಯಮಾನವೂ ಅಲ್ಲ. ಸ್ವಂತ ತಂಗಿಯ ಜಡೆ ತನಗಿಂತ ಉದ್ದ ಬಂತು ಅಂತ ಅವಳ ಎಣ್ಣೆ ಶೀಶೆಗೆ ನೀರು ಬೆರೆಸಿ ಇಟ್ಟಿದ್ದಳಂತೆ. ಇದನ್ನು ನನಗೆ ಹೇಳಿದ್ದು ಆ ತಂಗಿಯೇ. ಹೇಳುವಾಗಲೂ ಅವಳ ಜಡೆ ಉದ್ದವಾಗಿಯೇ ಇತ್ತು.

ಕಂಪಲಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ಅತ್ತಿಗೆ ದುಡಿದದ್ದು ಮಾತ್ರ ಅಷ್ಟಿಷ್ಟಲ್ಲ. ನಮ್ಮದು ಹೊಗೆಸೊಪ್ಪಿನ ಸೀಮೆ. ಹಸಿ ಎಲೆ ಕಿತ್ತು ತಂದು ಕಡ್ಡಿಗೆ ಕಟ್ಟಬೇಕು, ಕಟ್ಟಿದ್ದನ್ನು ಬ್ಯಾರನ್ನಿಗೆ ಏರಿಸಬೇಕು, ಸೌದೆ ಹಾಕಿ ಬೇಯಿಸಬೇಕು. ಬ್ಯಾರನ್ ಅಂದರೆ ಸೊಪ್ಪು ಹದ ಮಾಡುವ, ಗೋಪುರದ ಹಾಗೆ ಎತ್ತರದ ಕೋಣೆ. ಅತ್ತಿಗೆ ಕಡ್ಡಿ ಕಟ್ಟಲು ಕೂತರೆ ಎದುರಿನವಳ ಕೈ ನೋಡಿಕೊಂಡೇ ಕಟ್ಟುವುದು. ಅವಳು ಒಂದು ಕಡ್ಡಿ ಮುಂದೆ ಹೋದರೆ ಮುಗಿಯಿತು, ಆ ದಿನ ಊಟಕ್ಕೂ ಏಳುವುದಿಲ್ಲ. ಪಕ್ಕದವರ ಸೊಪ್ಪು ನಮ್ಮದಕ್ಕಿಂತ ಹಳದಿ ಬಂದರೆ ಹರಾಜಿನ ದಿನವಿಡೀ ಅಣ್ಣನಿಗೆ ಬೈಗುಳ. ಆ ಸೊಪ್ಪಿನ ಅಂಟು ಹತ್ತಿ ಹತ್ತಿ ಆಕೆಯ ಬೆರಳು ಕಪ್ಪಗೆ ಕೂತುಬಿಟ್ಟಿವೆ, ಸೀಗೆಕಾಯಿ ಹಾಕಿ ಉಜ್ಜಿದರೂ ಹೋಗದು. ಮನೆ ನಿಂತದ್ದು ಆ ಬೆರಳುಗಳಿಂದಲೇ, ಸುಳ್ಳು ಹೇಳಬಾರದು.

ಹೀಗಿದ್ದಾಗ ನನ್ನ ತಮ್ಮ ವೆಂಕಟೇಶ್ ಮದುವೆಯಾಗಿ ರೂಪಶ್ರೀಯನ್ನು ಕರೆತಂದ. ಬೈಲಕುಪ್ಪೆ ದಾಟಿ ಹೊಳೆ ಆಚೆ, ಕುಶಾಲನಗರದ ಹುಡುಗಿ. ಮಾತು ಮೆಲ್ಲಗೆ, ನಡೆ ಮೆಲ್ಲಗೆ, ಸೀರೆಯ ನೆರಿಗೆ ಇಸ್ತ್ರಿ ಹಾಕಿದ ಹಾಗೆ. ಬಂದ ವರ್ಷವೇ ಅತ್ತಿಗೆ, "ಇವ್ಳೇನು ಕಡ್ಡಿ ಕಟ್ತಾಳೆ ಬುಡು, ಕಡ್ಡಿ ಇಡ್ಕೊಳಾಕೂ ಬರಾಕಿಲ್ಲ" ಅಂದಳು. ನಿಜ, ರೂಪಶ್ರೀಗೆ ಹೊಗೆಸೊಪ್ಪಿನ ವಾಸನೆಗೇ ತಲೆ ಸುತ್ತುತ್ತಿತ್ತು. ಮುಂದೆ ಪಾಲಾದಾಗ ಬ್ಯಾರನ್ನು ಅಣ್ಣನಿಗೆ, ರಸ್ತೆ ಬದಿಯ ಮನೆ ತಮ್ಮನಿಗೆ ಆಯಿತು. ಅವಳ ಪಾಲಿಗೆ ಅದೇ ಒಳ್ಳೆಯದಾಯಿತು.

ಆದರೆ ಹುಡುಗಿ ತವರಿನಿಂದ ಒಂದು ವಿದ್ಯೆ ತಂದಿದ್ದಳು. ವೈನು ಮಾಡುವುದು.

ನಮ್ಮ ಕಡೆ ಎಣ್ಣೆ ಹಾಕುವವರ ಲೆಕ್ಕ ಬೇರೆ, ವೈನಿನ ಲೆಕ್ಕ ಬೇರೆ. ಎಣ್ಣೆ ಗಂಡಸರದು, ಅದಕ್ಕೆ ಬೈಗುಳ. ವೈನು ಹೆಂಗಸರೂ ಕುಡಿಯುವಂಥದ್ದು, ಔಷಧಿಯ ಜಾತಿಗೆ ಸೇರಿದ್ದು. ರಕ್ತ ಆಗುತ್ತದೆ, ಬಣ್ಣ ಬರುತ್ತದೆ, ಉಂಡದ್ದು ಅರಗುತ್ತದೆ ಎಂದು ಯಾರಾದರೂ ಹೇಳಿದರೆ ಸಾಕು, ಅತ್ತೆಯ ಎದುರಿಗೇ ಒಂದು ಚಿಕ್ಕ ಲೋಟ ಇಳಿಸಬಹುದು. ರೂಪಶ್ರೀ ಮೊದಲ ಸಲ ಮಾಡಿದ್ದು ನೆಲ್ಲಿಕಾಯಿದು. ಆಮೇಲೆ ನೇರಳೆ, ಶುಂಠಿ, ಕಪ್ಪು ದ್ರಾಕ್ಷಿ. ಪಿರಿಯಾಪಟ್ಟಣದ ಸಂತೆ ಮುಗಿಯುವ ಹೊತ್ತಿಗೆ ಹೋದರೆ ಗೊಂಚಲಿನಿಂದ ಉದುರಿದ ದ್ರಾಕ್ಷಿ ಅಗ್ಗಕ್ಕೆ ಸಿಗುತ್ತದೆ, ಸಕ್ಕರೆ ಮನೆಯಲ್ಲೇ ಇರುತ್ತದೆ, ಹಳೆಯ ಬಾಟಲಿಗಳಿಗೆ ಬರವಿಲ್ಲ. ಅಷ್ಟರಲ್ಲೇ ಅವಳು ಮಾಡುತ್ತಿದ್ದ ವೈನು, ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ. ದಿನಾ ಊಟ ಆದ ಮೇಲೆ ಒಂದೊಂದು ಗುಟುಕು ಮನೆಯವರಿಗೆ. ಯಾರ ಮನೆಗಾದರೂ ಹೋಗುವುದಿದ್ದರೆ ಒಂದು ಬಾಟಲಿಗೆ ರಿಬ್ಬನ್ ಕಟ್ಟಿ ಉಡುಗೊರೆ. ಗೃಹಪ್ರವೇಶಕ್ಕೆ ಸ್ಟೀಲ್ ಪಾತ್ರೆ ಕೊಟ್ಟವರ ಹೆಸರು ಯಾರಿಗೂ ನೆನಪಿರುವುದಿಲ್ಲ, ರೂಪಶ್ರೀಯ ಬಾಟಲಿ ಮಾತ್ರ ಆರು ತಿಂಗಳಾದರೂ ಮಾತಿನಲ್ಲಿರುತ್ತಿತ್ತು.

ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು ನಮ್ಮ ಅತ್ತಿಗೆ.

ರೂಪಶ್ರೀ ಮುಚ್ಚುಮರೆ ಮಾಡುವವಳಾಗಿದ್ದರೆ ಅತ್ತಿಗೆಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಆದರೆ ಅವಳು ಕೇಳಿದವರಿಗೆಲ್ಲ ಹೇಳಿಬಿಡುತ್ತಿದ್ದಳು. ಹಣ್ಣು ಕಿವುಚಬೇಕು, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟು, ನಾಲ್ಕು ಲವಂಗ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಬೆಚ್ಚಗಿರುವ ಕಡೆ ಇಡಬೇಕು, ದಿನಾ ಮರದ ಸೌಟಿನಲ್ಲಿ ತಿರುವಬೇಕು, ಮೂರು ವಾರಕ್ಕೆ ಸೋಸಬೇಕು. ಇಷ್ಟೇ. ಅವಳ ಭರಣಿ ಅಟ್ಟದ ಮೇಲೆ ಭತ್ತದ ಹೊಟ್ಟಿನ ನಡುವೆ ಕೂತಿರುತ್ತಿತ್ತು. ಬಚ್ಚಿಟ್ಟಿದ್ದರಲ್ಲವೇ ಕದಿಯಲು ಆಗುವುದು? ಹೀಗೆ ಬಾಗಿಲು ತೆರೆದಿಟ್ಟ ಮನೆಯಲ್ಲಿ ಏನು ಕದಿಯುವುದು? ಅತ್ತಿಗೆ ಅದಕ್ಕೇ ಹಲ್ಲು ಕಡಿಯುತ್ತಿದ್ದಳು.

ಇಷ್ಟಾದರೂ ಊರೊಳಗಿನ ಹೊಟ್ಟೆಕಿಚ್ಚು ಊರೊಳಗೇ ಇತ್ತು. ಅದು ಕೆ.ಆರ್. ನಗರದ ತನಕ ಹೋದದ್ದು ಅತ್ತಿಗೆಯ ಮಗಳು ಪುಟ್ಟಿಯ ಮದುವೆಯಿಂದ. ಗಂಡು ಸಾಗರ್, ಕೆ.ಆರ್. ನಗರದ ಗದ್ದೆ ಸೀಮೆಯ ಹುಡುಗ. ಬೀಗರು ಗೋವಿಂದಯ್ಯನವರು ಮರ್ಯಾದಸ್ಥರು. ಅವರ ತಾಯಿ ರಾಮಮ್ಮ ಆ ಮನೆಯ ಯಜಮಾನಿ, ಆಯಮ್ಮ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಮದುವೆಯಲ್ಲಿ ರೂಪಶ್ರೀ ಬೀಗರಿಗೆ ಅಂತ ಎರಡು ಬಾಟಲಿ ದ್ರಾಕ್ಷಿ ವೈನು ಕೊಟ್ಟಳು. ಅಲ್ಲಿಗೆ ಶುರುವಾಯಿತು. ಪುಟ್ಟಿಯ ಮಾವ ಫೋನು ಮಾಡಿದಾಗಲೆಲ್ಲ ಕೊನೆಗೆ ಒಂದು ಮಾತು, "ಬರೋವಾಗ ನಿಮ್ಮ ವಾರಗಿತ್ತಿಯವರ ವೈನು ಮರೀಬೇಡಿ."

ಹೆಣ್ಣು ಕೊಟ್ಟವಳು ತಾನು, ಒಡವೆ ಹಾಕಿದವಳು ತಾನು, ಹೆಸರು ಮಾತ್ರ ರೂಪಶ್ರೀಗೆ. ಅತ್ತಿಗೆ ತಡೆಯಲಾರದೆ ಒಂದು ಸಲ ಹುಣಸೂರಿನ ಅಂಗಡಿಯಿಂದ ಚಿನ್ನದ ಬಣ್ಣದ ಮುಚ್ಚಳದ ವೈನು ತರಿಸಿ ತೆಗೆದುಕೊಂಡು ಹೋದಳು. ಬೀಗರು "ಅಯ್ಯೋ ಯಾಕೆ ತೊಂದರೆ" ಅಂದು ಎರಡು ಕೈಯಲ್ಲೂ ಈಸಿಕೊಂಡರು. ಆ ಬಾಟಲಿ ಈಗಲೂ ಅವರ ಹಾಲಿನ ಶೋಕೇಸಿನಲ್ಲಿ, ಪ್ಲಾಸ್ಟಿಕ್ ನವಿಲಿನ ಪಕ್ಕ, ಮುಚ್ಚಳ ತೆಗೆಯದೆ ನಿಂತಿದೆ. ಹೋದಾಗಲೆಲ್ಲ ಅತ್ತಿಗೆಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಪುಟ್ಟಿ ಹೆರಿಗೆಗೆ ತವರಿಗೆ ಬಂದಳು, ಗಂಡುಮಗು ಆಯಿತು. ಅತ್ತಿಗೆ ಮಾಡಿದ ಬಾಣಂತನ ನೋಡಬೇಕಿತ್ತು. ಬೆಳಗ್ಗೆ ಎದ್ದರೆ ಕಷಾಯ, ಮೆಂತ್ಯದ ಮುದ್ದೆ, ಕೊಬ್ಬರಿ, ಬಿಸಿನೀರು, ಸಾಂಬ್ರಾಣಿ. ಸ್ವಂತ ಬೆನ್ನು ನೋವಿಗೆ ಒಂದು ಮಾತ್ರೆ ನುಂಗಲು ಪುರುಸೊತ್ತಿಲ್ಲ. ಆ ನಡುವೆ ರೂಪಶ್ರೀ "ಬಾಣಂತಿಗೆ ಎರಡು ಚಮಚ ಕೊಡಿ ಅಕ್ಕಾ" ಅಂತ ಒಂದು ಬಾಟಲಿ ತಂದಿಟ್ಟು ಹೋದಳು. ಅತ್ತಿಗೆ ಅದನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. ಪುಟ್ಟಿಗೆ ಅಕ್ಕಿ ಡಬ್ಬ ಎಲ್ಲಿದೆ ಅಂತ ಗೊತ್ತಿರದೆ ಇರುತ್ತದೆಯೇ? ಮಗು ನೋಡಲು ಬಂದ ಹೆಂಗಸರೆಲ್ಲ ಬಾಣಂತಿಯ ಕೆನ್ನೆ ನೋಡಿ ಒಂದೇ ಮಾತು.

"ಎಷ್ಟು ಕೆಂಪ್ಗೆ ಆಗವ್ಳೆ ನೋಡ್ರವ್ವಾ. ರೂಪಶ್ರೀ ವೈನು ಕಣ್ರೀ, ರೂಪಶ್ರೀ ವೈನು!"

ಒಲೆಯ ಮುಂದೆ ಕೂತ ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಮುಖ ನಾನು ನೋಡಿದೆ. ನನಗೂ ಹೊಟ್ಟೆಕಿಚ್ಚು ಗೊತ್ತು, ನನ್ನ ಗಂಡನ ಅಣ್ಣನ ಮನೆಗೆ ಟೈಲ್ಸ್ ಹಾಕಿದಾಗ ನನಗೂ ಅನ್ನ ಇಳಿದಿರಲಿಲ್ಲ. ಆದರೆ ಇದು ಅದಲ್ಲ. ಇದು ಹಡೆದ ಹೊಟ್ಟೆಯೇ ಉರಿಯುವ ಉರಿ.

ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗನನ್ನೂ ತೊಟ್ಟಿಲ ಸಮೇತ ಗಂಡನ ಮನೆಗೆ ಬಿಟ್ಟು ಬರುವ ದಿನ ಗೊತ್ತಾಯಿತು. ಗೋವಿಂದಯ್ಯನವರ ಫೋನು ಬಂತು. ನೆಂಟರಿಷ್ಟರು ಸೇರುತ್ತಾರೆ, ವೈನು ಮರೀಬೇಡಿ. ಫೋನು ಇಟ್ಟವಳೇ ಅತ್ತಿಗೆ ನನ್ನ ಮನೆಗೆ ಬಂದಳು.

"ಲೇ ಭದ್ರಿ, ಈ ಸಲ ವೈನು ನಾನೇ ಮಾಡ್ತೀನಿ. ಆ ಮನೆ ಅಜ್ಜಿ ಬಾಯಲ್ಲಿ ಭಾಗ್ಯಮ್ಮನ ವೈನು ಅಂತ ಬರ್ಬೇಕು. ಅಷ್ಟು ಬಂದ್ರೆ ಸಾಕು ಕಣೇ, ಇನ್ನೇನೂ ಬ್ಯಾಡ ನಂಗೆ."

ಆಕೆಗೆ ಬೇಕಿದ್ದದ್ದು ಅಷ್ಟೇ. ಒಡವೆ ಅಲ್ಲ, ಸೀರೆ ಅಲ್ಲ. ಮಗಳ ಮನೆಯಲ್ಲಿ ತನ್ನ ಹೆಸರಿಗೆ ಒಂದು ಬಾಟಲಿ.

ದ್ರಾಕ್ಷಿ ತಂದೆವು. ಸಂತೆಯ ಕೊನೆಯ ದ್ರಾಕ್ಷಿ ಅಲ್ಲ, ಅತ್ತಿಗೆ ಬೆಳಗ್ಗೆಯೇ ಹೋಗಿ ಆರಿಸಿ ಆರಿಸಿ ತಂದ ಗೊಂಚಲು. ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆವು. ಎಲ್ಲ ರೂಪಶ್ರೀ ಹೇಳಿದ ಹಾಗೆಯೇ. ಬೆಚ್ಚಗೆ ಎಲ್ಲಿಡುವುದು ಅನ್ನುವಾಗ ಮಾತ್ರ ತಕರಾರು ಬಂತು. ಮಾಗಿಯ ಚಳಿ, ನಾನು ಭತ್ತದ ಹೊಟ್ಟು ಅಂದೆ.

"ಅವ್ಳು ಇಟ್ಟಂಗೆ ನಾನ್ಯಾಕೆ ಇಡ್ಲಿ?" ಎಂದಳು ಅತ್ತಿಗೆ. "ನಮ್ಮ ಬ್ಯಾರನ್ ಇಲ್ವಾ? ಕಂಪಲಾಪುರದಲ್ಲಿ ಅದ್ಕಿಂತ ಬೆಚ್ಚಗಿರೋ ಜಾಗ ಯಾವ್ದೈತೆ?"

ಆಗತಾನೆ ಕೊನೆಯ ಸೊಪ್ಪು ಹದ ಮಾಡಿ ಮುಗಿದಿತ್ತು. ಗೋಡೆ ಇನ್ನೂ ಬಿಸಿ ಇತ್ತು. ಪಕ್ಕದ ಕೋಣೆಯಲ್ಲಿ ಹರಾಜಿಗೆ ಹೋಗಬೇಕಾದ ಸೊಪ್ಪು ಗೋಣಿ ಹೊದ್ದು ಎದೆಮಟ್ಟ ಕೂತಿತ್ತು. ಆ ಸೊಪ್ಪಿನ ನಡುವೆ ಜಾಗ ಮಾಡಿ, ಹಸುಗೂಸನ್ನು ಮಲಗಿಸುವ ಹಾಗೆ ಭರಣಿಯನ್ನು ಕೂರಿಸಿದಳು. ಬಾಯಿಗೆ ತೆಳುವಾದ ಪಂಚೆ ಬಟ್ಟೆ ಕಟ್ಟಿ, ದೃಷ್ಟಿಗೆ ಅಂತ ಒಂದು ಕೆಂಪು ಮೆಣಸಿನಕಾಯಿ ಸಿಕ್ಕಿಸಿದಳು. ಯಾರ ದೃಷ್ಟಿ ಅಂತ ನಾನು ಕೇಳಲಿಲ್ಲ.

ಮೂರು ವಾರ ಕಳೆದು ಸೋಸಿದೆವು. ಬಣ್ಣ ಚೆನ್ನಾಗಿ ಬಂದಿತ್ತು. ಚಿಕ್ಕಣ್ಣ ಕುಡಿದು "ಚೆನ್ನಾಗೈತೆ" ಅಂದ. ನಾನು ಕುಡಿದೆ, ಚೆನ್ನಾಗಿತ್ತು. ಅಕ್ಕಪಕ್ಕದ ನಾಲ್ಕು ಜನ ಕುಡಿದು ಬಾಯಿ ಚಪ್ಪರಿಸಿದರು. ಇಡೀ ಬೀದಿಯಲ್ಲಿ ಒಬ್ಬಳಿಗೆ ಮಾತ್ರ ಒಂದು ತೊಟ್ಟೂ ಕೊಡಲಿಲ್ಲ. ಯಾರಿಗೆ ಅಂತ ಹೇಳಬೇಕಿಲ್ಲ. "ಅವ್ಳು ಕೆ.ಆರ್. ನಗರದಿಂದಾನೇ ಕೇಳಿ ತಿಳ್ಕೊಳ್ಳಲಿ" ಎಂದು ಅತ್ತಿಗೆ ಸೆರಗು ಕೊಡವಿದಳು.

ಹುಣಸೂರಿನ ಮೇಲೆ ವ್ಯಾನಿನಲ್ಲಿ ಹೊರಟೆವು. ಮಡಿಲಲ್ಲಿ ಬಾಟಲಿಗಳ ಬುಟ್ಟಿ ಇಟ್ಟುಕೊಂಡು ಅತ್ತಿಗೆ ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತಿದ್ದಳು. "ಯಾರು ಮಾಡಿದ್ದು ಅಂತಾರೆ. ನಾನು ತಕ್ಷಣ ಹೇಳಾಕಿಲ್ಲ. ನೀವೇ ಹೇಳಿ ನೋಡಾನಾ ಅಂತೀನಿ. ಆಮೇಲೆ ಮೆಲ್ಲಗೆ, ನಾನೇ ಕಣ್ರೀ ಅಂತೀನಿ." ಪುಟ್ಟಿ ಮಗುವಿಗೆ ಟೋಪಿ ಕಟ್ಟುತ್ತಾ ನಕ್ಕಳು.

ತೊಟ್ಟಿಲ ಶಾಸ್ತ್ರ ಚೆನ್ನಾಗಿ ನಡೆಯಿತು. ಊಟ ಆಯಿತು. ಹಾಲಿನ ತುಂಬ ನೆಂಟರು. ಗೋವಿಂದಯ್ಯನವರು ಎಲ್ಲರಿಗೂ ಕೇಳುವಂತೆ "ಈಗ ನಮ್ಮ ಕಂಪಲಾಪುರದ ವೈನು" ಎಂದು ಚಿಕ್ಕ ಸ್ಟೀಲ್ ಲೋಟಗಳಿಗೆ ಬಗ್ಗಿಸಿ ಹಂಚಿದರು. ತಾವೇ ಮೊದಲು ಬಾಯಿಗಿಟ್ಟರು.

ಮುಖ ಹುಳ್ಳಗಾಯಿತು. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಬಿಟ್ಟರು. ಅವರ ಹೆಂಡತಿಗೆ ಕೆಮ್ಮು ಹತ್ತಿತು. ಮೂಲೆಯಲ್ಲಿದ್ದ ನೆಂಟನೊಬ್ಬ ಲೋಟ ಕೆಳಗಿಟ್ಟು, "ಏನ್ರೀ ಇದು, ಬೀಡಿ ನೆನೆಹಾಕಿದ ನೀರಿದ್ದಂಗೈತೆ!" ಅಂದುಬಿಟ್ಟ. ಒಬ್ಬರಿಗೊಬ್ಬರು ಮೂಸಿ ನೋಡಿದರು. ಹೊಗೆಸೊಪ್ಪು, ಹೌದು, ಹೊಗೆಸೊಪ್ಪೇ ಅಂದರು.

ನಾನು ನನ್ನ ಲೋಟ ಮೂಸಿದೆ. ದ್ರಾಕ್ಷಿಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಅತ್ತಿಗೆಯೂ ಮೂಸಿದಳು. ಆಗ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಉಂಡು ಉಟ್ಟು ಬೆಳೆದ ನನಗೆ, ಸೊಸೆಯಾಗಿ ಬಂದಾಗಿನಿಂದ ಅದರಲ್ಲೇ ದುಡಿದ ಅತ್ತಿಗೆಗೆ ಅದು ವಾಸನೆಯೇ ಅಲ್ಲ. ಕುಡಿದು ಚಪ್ಪರಿಸಿದ ನಮ್ಮ ಬೀದಿಯವರ ಮೂಗೂ ನಮ್ಮಂಥದ್ದೇ. ಸೊಪ್ಪಿನ ನಡುವೆ ಮೂರು ವಾರ ಕೂತ ಭರಣಿ ಏನೇನು ಕುಡಿದಿದೆಯೋ, ಭತ್ತದ ಸೀಮೆಯವರಿಗೆ ಮೊದಲ ಗುಟುಕಿಗೇ ಗೊತ್ತಾಯಿತು.

ಗೋವಿಂದಯ್ಯನವರು ಮರ್ಯಾದೆ ಬಿಡದೆ ಕೇಳಿದರು, "ಈ ಸಲ ಸ್ವಲ್ಪ ಬೇರೆ ಥರ ಐತೆ. ಯಾರು ಮಾಡಿದ್ದು ಬೀಗಿತ್ತಿಯವರೇ?"

ಹಾಲಿನಲ್ಲಿದ್ದವರೆಲ್ಲ ಅತ್ತಿಗೆಯ ಕಡೆ ತಿರುಗಿದರು. ಆಕೆ ಒಂದು ಕ್ಷಣ ಶೋಕೇಸಿನ ಬಾಟಲಿಯ ಕಡೆ ನೋಡಿದಳು.

"ಇನ್ಯಾರು ಮಾಡ್ತಾರೆ," ಎಂದಳು. "ನಮ್ಮ ರೂಪಶ್ರೀನೇ."

ಪುಟ್ಟಿ ತಲೆ ತಗ್ಗಿಸಿ ಮಗುವಿನ ಟೋಪಿ ಸರಿಮಾಡಿದಳು. ಅತ್ತಿಗೆಯ ಮುಖದಲ್ಲಿ ಮಾತ್ರ, ನಿಜ ಹೇಳುತ್ತೇನೆ, ಒಂದು ನೆಮ್ಮದಿ ಬಂತು. ಹೆಸರು ತನಗೆ ಬರದಿದ್ದರೆ ಬೇಡ, ಅವಳದಂತೂ ಹಾಳಾಯಿತಲ್ಲ.

ಅಷ್ಟು ಹೊತ್ತಿಗೆ ಕಿಟಕಿ ಪಕ್ಕದ ಮಂಚದಿಂದ ರಾಮಮ್ಮಜ್ಜಿಯ ದನಿ ಬಂತು.

"ಇತ್ತ ತನ್ನಿ, ನಂಗೂ ಒಂಚೂರು."

"ಬೇಡ ಕಣವ್ವಾ, ಚೆನ್ನಾಗಿಲ್ಲ" ಅಂದರು ಮಗ.

"ತತ್ತಾ ಅಂದ್ರೆ."

ಕೊಟ್ಟರು. ಅಜ್ಜಿ ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ನುಂಗಿದಳು. ಇನ್ನೊಂದು ಗುಟುಕು. ಎಲ್ಲರೂ ಅವಳ ಮುಖ ನೋಡುತ್ತಾ ನಿಂತರು. ಅಜ್ಜಿ ಕಣ್ಣು ತೆರೆದಾಗ ನೀರು ತುಂಬಿತ್ತು.

"ಇದು ಕಣ್ರವ್ವಾ ವೈನು ಅಂದ್ರೆ! ಇನ್ನೊಂಚೂರು ಉಯ್ಯಿ."

ಆಮೇಲೆ ತಿಳಿಯಿತು. ಮದುವೆಯಾಗಿ ಬಂದಂದಿನಿಂದ ಅಜ್ಜಿ ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿ ಜಗಿದವಳು. ಹೋದ ವರ್ಷ ಬಾಯಿ ಹುಣ್ಣಾಗಿ ಡಾಕ್ಟರು ನಿಲ್ಲಿಸಿದ್ದರು, ಮಗ ಎಲೆಅಡಿಕೆ ಚೀಲವನ್ನೇ ಕಿತ್ತಿಟ್ಟಿದ್ದರು. ನಮ್ಮದು ಸಿಗರೇಟಿಗೆ ಹೋಗುವ ಸೊಪ್ಪು, ಅಜ್ಜಿ ಜಗಿಯುತ್ತಿದ್ದದ್ದು ಬೇರೆ, ಆದರೂ ಎರಡರ ವಾಸನೆ ಅಕ್ಕತಂಗಿ.

"ಒಂದು ವರ್ಷದಿಂದ ನಾಲ್ಗೆ ಸತ್ತೋಗಿತ್ತು," ಅಜ್ಜಿ ಅತ್ತಿಗೆಯ ಕೈ ಹಿಡಿದುಕೊಂಡು ಹೇಳಿದಳು. "ಉಂಡ ಅನ್ನ ಅನ್ನ ಅನ್ನಿಸ್ತಿರ್ಲಿಲ್ಲ. ನಿಮ್ಮ ರೂಪಶ್ರೀ ಇವತ್ತು ಬದುಕಿಸಿದ್ಲು. ಇಷ್ಟು ದಿನ ಅವ್ಳು ಕಳಿಸ್ತಿದ್ದದ್ದು ಶರಬತ್ತು ಕಣವ್ವಾ, ಇದು ವೈನು. ಆ ಮಗಳ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೆ, ಬಂಗಾರದ ಬಳೆ."

ಅಜ್ಜಿ ಹಿಡಿದಿದ್ದ ಕೈ ಅತ್ತಿಗೆಯದು. ಅಂಟು ಹತ್ತಿ ಕಪ್ಪಾದ ಬೆರಳುಗಳು ಅಜ್ಜಿಯ ಅಂಗೈಯಲ್ಲೇ ಇದ್ದವು. ಉಳಿದ ಬಾಟಲಿಗಳನ್ನೆಲ್ಲ ಅಜ್ಜಿ ತನ್ನ ಮಂಚದ ಕೆಳಗೆ ಇಡಿಸಿಕೊಂಡಳು.

ವಾಪಸು ಬರುವಾಗ ಹುಣಸೂರು ದಾಟಿದ್ದೇ ಅತ್ತಿಗೆಯದು ಒಂದೇ ಸಮನೆ ಶುರುವಾಯಿತು.

"ಶರಬತ್ತು ಅಂದ್ಲು ಕಣೇ ಭದ್ರಿ. ಅವ್ಳ ವೈನ ಶರಬತ್ತು ಅಂದ್ಲು. ಎಷ್ಟು ವರ್ಷದಿಂದ ಕಾಯ್ತಿದ್ದೆ ಆ ಮಾತಿಗೆ! ಬಂತಲ್ಲ, ಬಂದೂ ಅವ್ಳ ಮನೆಗೇ ಓಯ್ತಲ್ಲ!"

"ನೀವೇ ಅಲ್ವಾ ಅತ್ತಿಗೆ ಅಂಗಂದಿದ್ದು?"

"ನೀನು ಬಾಯ್ಮುಚ್ಕೊಂಡು ಕೂತ್ಕೋ."

ವಾರ ಕಳೆದಿರಲಿಲ್ಲ. ನಾನು ಅಣ್ಣನ ಮನೆಯ ಬ್ಯಾರನ್ ಪಕ್ಕದ ಕೋಣೆಯಲ್ಲಿ ಅತ್ತಿಗೆಯ ಜೊತೆ ಸೊಪ್ಪು ಬೇರ್ಪಡಿಸುತ್ತಾ ಕೂತಿದ್ದೆ, ರೂಪಶ್ರೀ ಬಂದಳು. ಎಂದೂ ಬ್ಯಾರನ್ ಕಡೆ ತಲೆ ಹಾಕದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

"ಅಕ್ಕಾ, ಕೆ.ಆರ್. ನಗರದ ಅಜ್ಜಿ ಫೋನ್ ಮಾಡಿದ್ರು. ಏನೋ ವೈನು ಅಂತ ಅಳ್ತಾ ಮಾತಾಡಿದ್ರು. ಮುಂಚೆ ಕಳಿಸಿದ್ದೆಲ್ಲ ಶರಬತ್ತು, ಇನ್ನೊಂದು ಸಲ ಅದನ್ನೇ ಕಳಿಸು ಅಂದ್ರು. ನಾನು ಯಾವ ವೈನೂ ಕೊಟ್ಟಿಲ್ವಲ್ಲ?"

"ನಾನೇ ಮಾಡಿದ್ದು" ಎಂದಳು ಅತ್ತಿಗೆ, ಸೊಪ್ಪಿನಿಂದ ಕಣ್ಣೆತ್ತದೆ.

ರೂಪಶ್ರೀ ರುಚಿ ನೋಡಬೇಕು ಅಂದಳು. ಭರಣಿಯ ತಳದಲ್ಲಿ ಉಳಿದದ್ದನ್ನು ಲೋಟಕ್ಕೆ ಬಸಿದು ಕೊಟ್ಟೆ. ಮೂಗಿನ ಹತ್ತಿರ ಹಿಡಿದವಳೇ ತಲೆ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ, ಇಷ್ಟು ಹೊಗೆಸೊಪ್ಪಿನ ವಾಸನೆ! ಇದನ್ನಾ ಅಜ್ಜಿ ಅಷ್ಟು ಹೊಗಳಿದ್ದು? ನಂದು... ನಂದು ಶರಬತ್ತಂತೆ ಅಕ್ಕಾ."

ಅವಳ ಕೆಳತುಟಿ ನಡುಗಿತು. ಮೂಗಿನ ತುದಿ ಕೆಂಪಾಯಿತು. ಅತ್ತಿಗೆ ಈಗ ಕಣ್ಣೆತ್ತಿದಳು. ನೋಡಿದಳು ನೋಡಿದಳು, ಕಣ್ಣು ತುಂಬ ನೋಡಿದಳು. ಆ ಮುಖ ಆಕೆಗೆ ಚೆನ್ನಾಗಿ ಗೊತ್ತಿತ್ತು, ಇಷ್ಟು ದಿನ ತಾನು ಹೊತ್ತು ತಿರುಗಿದ್ದೇ ಅದು. ರೂಪಶ್ರೀಯ ಮೇಲೆ ಅದು ಕೂತದ್ದನ್ನು ಕಂಡು ಅತ್ತಿಗೆ ಎದ್ದು, ಸೊಪ್ಪು ಕೊಡವಿ, ಅವಳಿಗೆ ಕೂರಲು ಮಣೆ ಕೊಟ್ಟಳು. ನನಗೆ ಕಾಫಿ ಇಡಲು ಹೇಳಿದಳು. ರೂಪಶ್ರೀ ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳಿಗೆ ಅಷ್ಟು ಪ್ರೀತಿಯಿಂದ ಕಾಫಿ ಸಿಕ್ಕಿದ್ದು ಅವತ್ತೇ ಇರಬೇಕು.

ಆದರೆ ರೂಪಶ್ರೀ ಕಾಫಿ ಮುಟ್ಟಲಿಲ್ಲ. ಫೋನು ತೆಗೆದಳು. "ಹೊಗೆಸೊಪ್ಪಿನ ವೈನು ಮಾಡ್ತಾಳೆ ಅಂತ ನಂಗೆ ಹೆಸರು ಬೇಡ. ಈಗ್ಲೇ ಹೇಳಿಬಿಡ್ತೀನಿ" ಎಂದಳು. ಸ್ಪೀಕರ್ ಹಾಕಿದಳು. ಅತ್ತಿಗೆ ಫೋನಿಗೆ ಕಿವಿಯಿಟ್ಟು ಹತ್ತಿರ ಸರಿದಳು. ಕೇಳಬೇಕೆಂದು ಕಾದಿದ್ದ ಮಾತು ಇನ್ನೇನು ಬರಬೇಕು.

"ಅಜ್ಜಿ, ಆ ವೈನು ನಾನು ಮಾಡಿದ್ದಲ್ಲ. ನಮ್ಮ ಭಾಗ್ಯಕ್ಕ ಮಾಡಿದ್ದು."

ಆ ಕಡೆಯಿಂದ ಅಜ್ಜಿಯ ನಗು ಕೇಳಿತು.

"ಎಂಥಾ ದೊಡ್ಡ ಗುಣ ಕಣವ್ವಾ ನಿಂದು! ವಾರಗಿತ್ತಿಗೂ ಒಂದು ಹೆಸ್ರು ಬರ್ಲಿ ಅಂತ ಅಲ್ವಾ? ಈಗಿನ ಕಾಲ್ದಲ್ಲಿ ಯಾರು ಅಂಗೆ ಬುಟ್ಕೊಡ್ತಾರೆ? ವೈನೂ ಚಿನ್ನ, ಮನ್ಸೂ ಚಿನ್ನ."

"ಅಲ್ಲ ಅಜ್ಜಿ, ನಿಜವಾಗ್ಲೂ..."

ಅತ್ತಿಗೆ ತಡೆಯಲಾರದೆ ಫೋನು ಕಿತ್ತುಕೊಂಡಳು. "ಅಜ್ಜೀ, ನಾನು ಭಾಗ್ಯ. ನಾನೇ ಮಾಡಿದ್ದು ಕಣಜ್ಜೀ! ನಮ್ಮ ಬ್ಯಾರನ್ನಲ್ಲಿ ಇಟ್ಟು, ನನ್ನ ಕೈಯಾರೆ ತಿರುವಿ ತಿರುವಿ ಮಾಡಿದ್ದು!"

ಅಜ್ಜಿಯ ದನಿ ಮೆತ್ತಗಾಯಿತು, ಮಗುವಿಗೆ ಬುದ್ಧಿ ಹೇಳುವ ಹಾಗೆ.

"ಅವತ್ತು ಅಷ್ಟು ಜನದ ಮುಂದೆ ನೀನೇ ಏಳ್ದೆಯಲ್ಲವ್ವಾ, ರೂಪಶ್ರೀ ಮಾಡಿದ್ದು ಅಂತ. ಈಗ ಅದು ಚೆನ್ನಾಗೈತೆ ಅಂದ್ಮೇಕೆ ನಂದು ಅಂತೀಯಾ? ಬ್ಯಾಡ ಕಣವ್ವಾ. ಒಟ್ಟೆಕಿಚ್ಚು ಪಡಬಾರ್ದು."

ಫೋನು ಇಟ್ಟಾಗ ರೂಪಶ್ರೀ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಸೆರಗು ಮುಖಕ್ಕೆ ಒತ್ತಿಕೊಂಡಿದ್ದಳು. ಅತ್ತಿಗೆ ಫೋನನ್ನು ಅವಳ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದಳು. ಬಹಳ ಹೊತ್ತು ನೀರು ಸೇದುವ ಸದ್ದು ಕೇಳುತ್ತಿತ್ತು, ತುಂಬಿದ ಕೊಡಕ್ಕೇ ನೀರು ಸುರಿಯುತ್ತಿದ್ದಳು. ಜೀವಮಾನವಿಡೀ ಹೊಟ್ಟೆಕಿಚ್ಚು ಪಟ್ಟವಳು ಆಕೆ. ಅದನ್ನು ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಅಂದದ್ದು ಆಕೆ ನಿಜ ಹೇಳಿದ ಆ ಒಂದು ದಿನ.

ಇನ್ನು ಆ ಮನೆಯಲ್ಲಿ ವೈನಿನ ಮಾತು ಎತ್ತುವವರಿಲ್ಲ ಅಂದುಕೊಂಡೆ. ಆದರೆ ಮುಂದಿನ ಸಂತೆ ಕಳೆದ ಮೇಲೆ ಹೋಗಿ ನೋಡಿದರೆ ಬ್ಯಾರನ್ ಪಕ್ಕದ ಕೋಣೆಯಲ್ಲಿ ಅತ್ತಿಗೆ ಮರದ ಸೌಟು ಹಿಡಿದು ಭರಣಿ ತಿರುವುತ್ತಿದ್ದಳು.

"ಯಾರಿಗತ್ತಿಗೆ?"

"ಆ ಮುದುಕಿಗೆ. ನಾಲ್ಗೆ ಸತ್ತೋಗೈತೆ ಅಂತಾಳಲ್ಲ."

"ಯಾರ ಹೆಸರಲ್ಲಿ ಕಳಿಸ್ತೀರ?"

ಅತ್ತಿಗೆ ಸೌಟನ್ನು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. "ನೋಡು, ವಾಸ್ನೆ ಬತ್ತದಾ?"

ನಾನು ಮೂಸಿದೆ. ದ್ರಾಕ್ಷಿ, ಲವಂಗ. ಅಷ್ಟೇ. ನಾನೂ ಕಂಪಲಾಪುರದವಳು.

"ಬತ್ತದೆ ಅತ್ತಿಗೆ. ಚೆನ್ನಾಗಿ ಬತ್ತದೆ."

ಆಕೆ ಸೌಟನ್ನು ತನ್ನ ಮೂಗಿಗೆ ಹಿಡಿದು ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಭರಣಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಎದೆ ತುಂಬ ಎಳೆದಳು. ಏನೂ ಸಿಗಲಿಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಆಮೇಲೆ ರಸ್ತೆ ಬದಿಯ ಮನೆಯ ಕಡೆ, ರೂಪಶ್ರೀಯ ಮನೆಯ ಕಡೆ, ತಿರುಗಿ ನೋಡಿದಳು.

"ನಾನು ಮಾಡಿದ ವೈನಿನ ವಾಸ್ನೆ," ಎಂದಳು, "ಅದೂ ಅವ್ಳಿಗೇ ಗೊತ್ತಾಗ್ಬೇಕಾ?"